ಬೆಳ್ಳಿ ಜೋಡು, ಕೆಂಪು ಜೋಡು

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಮಿಸ್ಸಿಗೆ ಗೊತ್ತಿದೆಯೋ ಇಲ್ಲವೋ ನೋಡೋಣವೆಂದು ಕೇಳುವುದು ಒಂದು. ಇದು ಹೀಗೇಕೆ ಎಂದು ತಿಳಿಯದೆ, ತಿಳಿಯದಿರುವುದನ್ನು ತಡೆಯಲಾರದೆ ಕೇಳುವುದು ಇನ್ನೊಂದು. ಮೊದಲನೆಯ ಬಗೆಗೆ ನಗುತ್ತಾ ಉತ್ತರ ಕೊಡಬಹುದು. ಎರಡನೆಯದಕ್ಕೆ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ಗದರಿಸುತ್ತೇವೆ. ನಾನೂ ಹಾಗೇ ಮಾಡಿದೆ. ಆ ಗದರಿಕೆಯ ಋಣ ತೀರಿಸಲು ಈ ಬರಹ.

ಆಷಾಢದ ಒಂದು ಶನಿವಾರ. ಉಬ್ರಾಣಿ ಕಡೆ ಮಳೆ ಹಿಡಿದರೆ ತೋಟದ ಅಂಚಿನ ಹಳ್ಳಿಗಳಿಂದ ಬರುವ ಮಕ್ಕಳು ಅರ್ಧಕ್ಕರ್ಧ ಬರುವುದಿಲ್ಲ. ಅವತ್ತು ಮೂವರು ಶಿಕ್ಷಕರು ತರಬೇತಿಗೆಂದು ಚನ್ನಗಿರಿಗೆ ಹೋಗಿದ್ದರು. ಆರು, ಏಳು, ಎಂಟು ಎಲ್ಲ ತರಗತಿಗಳೂ ನನ್ನ ತಲೆಗೇ ಬಂದಿದ್ದವು. ಹಳೆಯ ವಿದ್ಯಾರ್ಥಿಗಳು ಕೊಡಿಸಿದ ದೊಡ್ಡ ಟೀವಿ ಇತ್ತು. ಪಾಠ ಹೇಳುವ ಉತ್ಸಾಹ ನನಗೂ ಇರಲಿಲ್ಲವೆನ್ನಿ. ೧೯೩೯ರ ‘ವಿಝರ್ಡ್ ಆಫ್ ಓಝ್’ ಸಿನಿಮಾ ಹಾಕಿದೆ. ಇಂಗ್ಲಿಷ್ ಅರ್ಥವಾಗದ ಕಡೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಸುಂಟರಗಾಳಿ ಬಂತು, ಮನೆ ಹಾರಿತು, ಬಾಗಿಲು ತೆರೆಯಿತು. ಅಲ್ಲಿಯವರೆಗೆ ಮಣ್ಣಿನ ಬಣ್ಣವೊಂದೇ ಇದ್ದ ಪರದೆಯ ತುಂಬ ಥಟ್ಟನೆ ಬಣ್ಣ ಸುರಿಯಿತು. ಮಕ್ಕಳೆಲ್ಲ ಹೋ ಎಂದರು. ಡೊರೊಥಿಯ ಕಾಲಿಗೆ ಕೆಂಪು ಜೋಡು ಬಂದು ಕೂತಾಗ ಹಿಂದಿನ ಸಾಲಿನಿಂದ ಒಂದು ದನಿ: ‘ಮಿಸ್, ಬುಕ್ಕಲ್ಲಿ ಬೆಳ್ಳಿ ಅಂತ ಐತಲ್ಲ ಮಿಸ್, ಇದ್ಯಾಕೆ ಕೆಂಪು?’

ಏಳನೆಯ ತರಗತಿಯ ಹುಡುಗಿ. ಶಾಲೆಯ ಕಪಾಟಿನಲ್ಲಿದ್ದ ಸಂಕ್ಷಿಪ್ತ ಇಂಗ್ಲಿಷ್ ಪುಸ್ತಕವನ್ನು ಬೇಸಿಗೆ ರಜೆಯಲ್ಲಿ ಮನೆಗೆ ಒಯ್ದು, ಗೊತ್ತಿಲ್ಲದ ಪದಗಳ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದುಕೊಂಡು ಓದಿದವಳು. ‘ಸಿನಿಮಾದವರಿಗೆ ಹೊಳಪು ಬೇಕು ಕಣೇ, ಸುಮ್ನೆ ನೋಡು’ ಎಂದೆ. ಸ್ವಲ್ಪ ಹೊತ್ತಿಗೆ ಹಸಿರು ಮುಖದ ಮಾಟಗಾತಿ ಹೊಗೆಯೊಳಗಿಂದ ಎದ್ದು ಬಂದಳು. ಮತ್ತೆ ಅದೇ ದನಿ: ‘ಇವಳು ಹಸಿರು ಅಂತಾನೂ ಬುಕ್ಕಲ್ಲಿ ಇಲ್ಲ ಮಿಸ್.’ ಈ ಸಲ ಗದರಿಸಿದೆ. ಅವಳು ಸುಮ್ಮನಾದಳು. ಆದರೆ ಅವಳು ಸುಮ್ಮನಾದ ರೀತಿ ನನಗೆ ಸರಿ ಕಾಣಲಿಲ್ಲ. ಮನೆಗೆ ಬಂದು ಪೂರ್ತಿ ಪುಸ್ತಕವನ್ನು ಓದಲು ಕೂತೆ.

ಎಲ್. ಫ್ರಾಂಕ್ ಬಾಮ್ ಈ ಕಥೆ ಬರೆದದ್ದು, ಡೆನ್ಸ್ಲೊ ಎಂಬ ಚಿತ್ರಕಾರ ಅದಕ್ಕೆ ಚಿತ್ರ ಬಿಡಿಸಿದ್ದು, ಪುಸ್ತಕ ಷಿಕಾಗೋದಲ್ಲಿ ಅಚ್ಚಾದದ್ದು ೧೯೦೦ರಲ್ಲಿ. ಓದುತ್ತಾ ಹೋದ ಹಾಗೆ ನನಗೆ ಕಂಡದ್ದು, ಈ ಪುಸ್ತಕದಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಭೂಗೋಳ. ಪೂರ್ವದ ಮಂಚ್‌ಕಿನ್ನರ ನಾಡು ನೀಲಿ, ಪಶ್ಚಿಮದ ವಿಂಕಿಗಳದ್ದು ಹಳದಿ, ದಕ್ಷಿಣ ಕೆಂಪು, ನಡುವಿನ ಪಚ್ಚೆಯ ಪಟ್ಟಣ ಹಸಿರು. ಆ ನಾಡಿನವರು ಉಡುವ ಬಟ್ಟೆಯ ಬಣ್ಣ ನೋಡಿದರೆ ಸಾಕು, ಎಲ್ಲಿದ್ದೇವೆಂದು ತಿಳಿಯುತ್ತದೆ. ಇವೆಲ್ಲಕ್ಕಿಂತ ಮೊದಲು ಕಾನ್ಸಾಸಿನ ಬೂದು. ಬಿಸಿಲಿಗೆ ಹುಲ್ಲು ಬೂದು, ಮನೆಗೆ ಬಳಿದಿದ್ದ ಬಣ್ಣ ಹೋಗಿ ಗೋಡೆ ಬೂದು, ದುಡಿದು ದುಡಿದು ಚಿಕ್ಕಮ್ಮನ ಕಣ್ಣು ಕೂಡ ಬೂದು. ಎರಡು ವರ್ಷ ಮಳೆ ಕೈಕೊಟ್ಟಾಗ ಜಗಳೂರಿನ ಕಡೆಯ ಹೊಲಗಳನ್ನು ನೋಡಿದವರಿಗೆ ಈ ಬೂದು ಬಣ್ಣದ ವಿವರಣೆ ಬೇಕಾಗುವುದಿಲ್ಲ.

ಆ ಬೂದಿಯೊಳಗಿಂದ ಬಂದ ಹುಡುಗಿ ತೊಟ್ಟಿರುವುದು ಒಗೆದು ಒಗೆದು ಮಾಸಿದ ನೀಲಿ-ಬಿಳಿ ಚೌಕುಳಿಯ ಒಂದು ಫ್ರಾಕು. ಬೋಕ್ ಎಂಬ ಸಾಹುಕಾರ ಮಂಚ್‌ಕಿನ್ ಅವಳನ್ನು ದೊಡ್ಡ ಮಂತ್ರಗಾತಿ ಎಂದು ತಿಳಿಯುತ್ತಾನೆ. ಅವನ ಲೆಕ್ಕ ಹೀಗೆ: ಬೆಳ್ಳಿ ಜೋಡು ಹಾಕಿದ್ದಾಳೆ, ಕೆಟ್ಟ ಮಾಟಗಾತಿಯನ್ನು ಕೊಂದಿದ್ದಾಳೆ, ಉಡುಪಿನಲ್ಲಿ ಬಿಳಿ ಇದೆ. ಬಿಳಿ ಮಂತ್ರಗಾತಿಯರ ಬಣ್ಣ. ನೀಲಿ ತಮ್ಮ ಜನರ ಬಣ್ಣ. ಎರಡೂ ಇರುವುದರಿಂದ ಇವಳು ನಮಗೆ ಬೇಕಾದವಳು! ಬಡ ಹುಡುಗಿಯ ಇದ್ದೊಂದು ಅಂಗಿಯನ್ನು ನೋಡಿದವರು ಅದರಲ್ಲಿ ತಮ್ಮ ಅರ್ಥವನ್ನು ತುಂಬಿಕೊಳ್ಳುತ್ತಾರೆ. ಅವಳು ಹಾಗೆಂದು ಅದನ್ನು ತೊಟ್ಟಿರಲೇ ಇಲ್ಲ. ಮುಂದೆ ಪಚ್ಚೆಯ ಪಟ್ಟಣದಲ್ಲಿ ಅವಳಿಗೆ ಹಸಿರು ರೇಷ್ಮೆಯ ಅಂಗಿ ಕೊಡುತ್ತಾರೆ. ಊರು ಬಿಟ್ಟು ಹೊರಗೆ ಬಂದು ನೋಡಿದರೆ ಅದು ಬರೀ ಬಿಳಿ. ಪಟ್ಟಣದಲ್ಲಿ ಎಲ್ಲರ ಕಣ್ಣಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿದಿರುತ್ತಾರಲ್ಲ, ಹಸಿರು ಇದ್ದದ್ದು ಅಲ್ಲಿ. ಇದನ್ನು ಓದಿ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಕ್ಕಳ ಕಥೆಯೊಂದು ಇಷ್ಟು ಸುಲಭವಾಗಿ ಇಷ್ಟು ದೊಡ್ಡ ಮಾತನ್ನು ಹೇಳಿಬಿಡುತ್ತದೆ.

ಸಿನಿಮಾ ಈ ಕನ್ನಡಕವನ್ನು ಕೈಬಿಟ್ಟಿತು. ಅಲ್ಲಿ ಪಟ್ಟಣ ನಿಜವಾಗಿಯೂ ಹಸಿರು. ಮಂಚ್‌ಕಿನ್ನರಿಗೆ ನೀಲಿಯ ಬದಲು ಜಾತ್ರೆಯ ಮಿಠಾಯಿ ಅಂಗಡಿಯಂತೆ ಸಿಕ್ಕ ಸಿಕ್ಕ ಬಣ್ಣ. ಮತ್ತು ಬೆಳ್ಳಿ ಜೋಡು ಮಾಣಿಕ್ಯದ ಕೆಂಪಾಯಿತು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ನೋಯೆಲ್ ಲ್ಯಾಂಗ್ಲೀ ೧೯೩೮ರ ಮೇ ತಿಂಗಳ ಪ್ರತಿಯಲ್ಲಿ ಈ ತಿದ್ದುಪಡಿ ಮಾಡಿದರೆಂದು ದಾಖಲೆಯಿದೆ. ಕಾರಣ ಸರಳ. ಟೆಕ್ನಿಕಲರ್ ಎಂಬ ವರ್ಣಪದ್ಧತಿ ಆಗ ಹೊಸದು. ಮೂರು ಪಟ್ಟಿಯ ಆ ಪದ್ಧತಿಯಲ್ಲಿ ಪೂರ್ತಿ ತಯಾರಾದ ಮೊದಲ ಕಥಾಚಿತ್ರ ಬಂದು ಆಗಿನ್ನೂ ಮೂರೇ ವರ್ಷ. ಹಳದಿ ಇಟ್ಟಿಗೆಯ ದಾರಿಯ ಮೇಲೆ ಬೆಳ್ಳಿ ಇಟ್ಟರೆ ಮಂಕು, ಕೆಂಪು ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಬಣ್ಣಕ್ಕೆ ದುಡ್ಡು ಸುರಿದವರು ಬಣ್ಣ ಕಾಣಲಿ ಎನ್ನದೆ ಇನ್ನೇನೆಂದಾರು? ಹಾಗೆ ನೋಡಿದರೆ ‘ಹೊಳಪು ಬೇಕು’ ಎಂದು ನಾನು ಕೊಟ್ಟ ಉತ್ತರ ತಪ್ಪಲ್ಲ. ಆದರೆ ಅರ್ಧ ಮಾತ್ರ.

ಉಡುಪು ರೂಪಿಸಿದ ಏಡ್ರಿಯನ್ ಎಂಬವರ ಕೆಲಸವನ್ನು ನೋಡಿದರೆ ಉಳಿದರ್ಧ ತಿಳಿಯುತ್ತದೆ. ಪರದೆಯ ಮೇಲೆ ಬಿಳಿಯಾಗಿ ಕಾಣುವ ಡೊರೊಥಿಯ ರವಿಕೆ ನಿಜದಲ್ಲಿ ತೆಳು ಗುಲಾಬಿ. ಅಪ್ಪಟ ಬಿಳಿ ಆ ಕ್ಯಾಮೆರಾದ ಮುಂದೆ ಕಣ್ಣು ಕುಕ್ಕುತ್ತಿತ್ತು. ಜೋಡಿಗೆ ಹೊಲಿದ ಮಿಂಚುಬಿಲ್ಲೆಗಳೂ ನಾವು ನೋಡುವ ಕೆಂಪಲ್ಲ, ಅದಕ್ಕಿಂತ ಕಪ್ಪಗಿನ ದ್ರಾಕ್ಷಿ ಕೆಂಪು. ನಿಜವಾದ ಕೆಂಪು ಇಟ್ಟಿದ್ದರೆ ಪರದೆಯಲ್ಲಿ ಕಿತ್ತಳೆಯಾಗುತ್ತಿತ್ತು. ಬಾಗಿಲು ತೆರೆಯುವ ಆ ಪ್ರಸಿದ್ಧ ದೃಶ್ಯವಂತೂ ಇನ್ನೂ ಸೊಗಸು. ಅದನ್ನು ಬಣ್ಣದ ಫಿಲ್ಮಿನಲ್ಲೇ ತೆಗೆದದ್ದು. ಮನೆಯ ಒಳಗೋಡೆಗೆ ಕಂದು ಬಳಿದು, ಜೂಡಿ ಗಾರ್ಲೆಂಡಿನ ಬದಲಿ ಹುಡುಗಿಗೆ ಕಂದು ಅಂಗಿ ತೊಡಿಸಿ ಬಾಗಿಲು ತೆರೆಸಿದರು. ಅವಳು ಪಕ್ಕಕ್ಕೆ ಸರಿದ ಮೇಲೆ ನೀಲಿ ಅಂಗಿಯ ಜೂಡಿ ಹೊರಗೆ ಕಾಲಿಟ್ಟಳು. ಅಂದರೆ ಕಣ್ಣಿಗೆ ನಿಜವೆನಿಸುವ ಬಣ್ಣ ಬರಬೇಕಾದರೆ ಕೈಯಲ್ಲಿ ಸುಳ್ಳು ಬಣ್ಣ ಹಿಡಿಯಬೇಕು. ಹಸಿರು ಕನ್ನಡಕವನ್ನು ಕಥೆಯಿಂದ ತೆಗೆದುಹಾಕಿದ ಸಿನಿಮಾ, ನೋಡುವ ನಮ್ಮೆಲ್ಲರ ಕಣ್ಣಿಗೇ ಅದನ್ನು ಹಾಕಿತು ಎಂದರೂ ಆದೀತು.

ನಮ್ಮಲ್ಲೂ ಇಂಥ ಕನ್ನಡಕಗಳಿವೆ. ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು ೧೯೬೪ರಲ್ಲಿ. ಅದರ ಮರುವರ್ಷ ಬಂದ ‘ಸತ್ಯ ಹರಿಶ್ಚಂದ್ರ’ ಮಾತ್ರ ಕಪ್ಪು-ಬಿಳುಪು. ನಲವತ್ತು ವರ್ಷ ಕಳೆದ ಮೇಲೆ, ೨೦೦೮ರಲ್ಲಿ, ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ರಾಜಕುಮಾರರ ಪಟ್ಟದ ಉಡುಪಿಗೆ, ಚಂದ್ರಮತಿಯ ಸೀರೆಗೆ ಯಾವ ಬಣ್ಣವೆಂಬುದನ್ನು ಹೊಸಬರು ಕೂತು ತೀರ್ಮಾನಿಸಿದರು. ನಾನು ಅದನ್ನು ಸಂತೋಷದಿಂದಲೇ ನೋಡಿದೆ. ಆದರೆ ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಕೂತು ನೋಡುವಾಗ ಚಂದ್ರಮತಿಯ ಸೀರೆಗೆ ನಾನು ಹಾಕಿಕೊಂಡಿದ್ದ ಬಣ್ಣವೇ ಬೇರೆ. ಅದು ನಮ್ಮಮ್ಮನ ಸೀರೆಯ ಬಣ್ಣ. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು?

ಬೆಳ್ಳಿಯನ್ನು ಕೆಂಪು ಮಾಡಿದ್ದರಿಂದ ಹೋದದ್ದೇನು? ಅಮೆರಿಕದ ಒಬ್ಬ ಶಾಲಾ ಮೇಷ್ಟ್ರು, ಹೆನ್ರಿ ಲಿಟಲ್‌ಫೀಲ್ಡ್, ೧೯೬೪ರಲ್ಲಿ ಒಂದು ಲೇಖನ ಬರೆದರು. ಬಾಮ್ ಕಥೆ ಬರೆದ ಕಾಲದಲ್ಲಿ ಅಲ್ಲಿಯ ರೈತರು ಬಂಗಾರದ ಜೊತೆಗೆ ಬೆಳ್ಳಿಯ ನಾಣ್ಯವೂ ಬೇಕೆಂದು ಹೋರಾಡುತ್ತಿದ್ದರು. ಹಳದಿ ದಾರಿ ಎಂದರೆ ಬಂಗಾರ, ಅದರ ಮೇಲೆ ನಡೆಯುವ ಬೆಳ್ಳಿ ಜೋಡು ರೈತರ ಆಸೆ, ಎಂದು ಅವರು ಓದಿದರು. ಬಾಮ್ ಹಾಗೆಂದುಕೊಂಡೇ ಬರೆದರು ಎನ್ನುವುದಕ್ಕೆ ಆಧಾರವಿಲ್ಲ. ಮಕ್ಕಳಿಗೆ ಇತಿಹಾಸ ಹೇಳಿಕೊಡಲು ಒಬ್ಬ ಮೇಷ್ಟ್ರು ಕಂಡುಕೊಂಡ ಉಪಾಯ ಅದು. ನನಗೆ ಅದೇ ಇಷ್ಟವಾಯಿತು. ಜೋಡು ಕೆಂಪಾದ ದಿನ ಈ ಓದು ಸಿನಿಮಾದಿಂದ ಹೊರಗೆ ಹೋಯಿತು.

ಹೋದದ್ದು ಇನ್ನೂ ಒಂದಿದೆ. ಪುಸ್ತಕದ ಕೊನೆಯಲ್ಲಿ ಡೊರೊಥಿ ಮನೆಗೆ ಹಾರಿ ಬರುವಾಗ ಬೆಳ್ಳಿ ಜೋಡು ಮರುಭೂಮಿಯಲ್ಲೆಲ್ಲೋ ಕಳಚಿ ಬೀಳುತ್ತದೆ. ಮತ್ತೆ ಯಾರಿಗೂ ಸಿಗುವುದಿಲ್ಲ. ಮನೆ ಮುಟ್ಟಿದ ಮೇಲೆ ಜೋಡಿನ ಹಂಗೇಕೆ? ಸಿನಿಮಾದ ಕೆಂಪು ಜೋಡಿನ ಕಥೆ ಇದರ ತಿರುಗುಮುರುಗು. ೧೯೭೦ರಲ್ಲಿ ಸ್ಟುಡಿಯೋ ತನ್ನ ಸಾಮಾನು ಹರಾಜು ಹಾಕಿದಾಗ ಒಂದು ಜೊತೆ ಹದಿನೈದು ಸಾವಿರ ಡಾಲರಿಗೆ ಹೋಯಿತು. ಇನ್ನೊಂದು ಜೊತೆ ೨೦೦೫ರಲ್ಲಿ ಜೂಡಿಯ ಹುಟ್ಟೂರಿನ ಮ್ಯೂಸಿಯಮ್ಮಿನಿಂದ ಕಳುವಾಗಿ, ೨೦೧೮ರಲ್ಲಿ ಸಿಕ್ಕಿ, ೨೦೨೪ರ ಡಿಸೆಂಬರಿನಲ್ಲಿ ಶುಲ್ಕವೆಲ್ಲ ಸೇರಿ ಮೂರು ಕೋಟಿ ಇಪ್ಪತ್ತೈದು ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ಇನ್ನೂರೈವತ್ತು ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷ ಬಂದ ‘ವಿಕೆಡ್’ ಚಿತ್ರದಲ್ಲಿ ಉಡುಪು ರೂಪಿಸಿದ ಪಾಲ್ ಟೇಝ್‌ವೆಲ್ ಜೋಡನ್ನು ಮತ್ತೆ ಬೆಳ್ಳಿಗೇ ತಂದರು. ಕಳೆದುಹೋದದ್ದು ಸಿಗಲು ೮೫ ವರ್ಷ ಬೇಕಾಯಿತು.

ಈ ಕಥೆಯನ್ನು ಯಾರಾದರೂ ಕನ್ನಡದಲ್ಲಿ ತೆಗೆದರೆ ಜೋಡು ಯಾವ ಬಣ್ಣದ್ದಿರಬೇಕು? ಇದನ್ನು ತರಗತಿಯಲ್ಲಿ ಕೇಳಿದೆ. ಹೌದು, ಗದರಿಸಿದ್ದಕ್ಕೆ ಎರಡು ವಾರದ ನಂತರ ಎಲ್ಲರೆದುರು ತಪ್ಪೊಪ್ಪಿಕೊಂಡೇ ಕೇಳಿದೆ. ಮಕ್ಕಳು ಒಂದೇ ದನಿಯಲ್ಲಿ ಬೆಳ್ಳಿ ಎಂದರು. ಯಾಕೆಂದರೆ, ‘ಕಾಲಿಗೆ ಬೆಳ್ಳೀನೇ ಅಲ್ವಾ ಮಿಸ್ ಹಾಕೋದು!’ ಬಂಗಾರವನ್ನು ಸೊಂಟದ ಕೆಳಗೆ ಹಾಕಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ನಡೆಯಲು ಬರುವ ಮೊದಲೇ ಗೊತ್ತಿರುತ್ತದೆ. ಮಗು ಹೆಜ್ಜೆಯಿಟ್ಟರೆ ಬೆಳ್ಳಿ ಗೆಜ್ಜೆ, ಮದುವೆಯಾದರೆ ಬೆಳ್ಳಿ ಕಾಲುಂಗುರ. ದೂರ ಹೋದವಳು ಮನೆಗೆ ಬರಲು ಕಾಲಿನ ಬೆಳ್ಳಿಯನ್ನು ಮೂರು ಸಲ ತಟ್ಟಬೇಕು ಎಂದರೆ ಕನ್ನಡದ ಮಗುವಿಗೆ ಒಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಬಾಮ್ ನಮಗಾಗಿಯೇ ಬರೆದಂತಿದೆ. ಬಣ್ಣವೆಂದರೆ ಇದು. ಒಂದು ಊರಿನಲ್ಲಿ ಮಂಕಾದದ್ದು ಇನ್ನೊಂದು ಊರಿನಲ್ಲಿ ಮಾತಾಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಹಗುರವಾದ ಪ್ರಬಂಧವಾಗುತ್ತಿತ್ತು. ಆದರೆ ಹುಡುಗಿಯ ಎರಡನೆಯ ಪ್ರಶ್ನೆ ಉಳಿದಿದೆ. ಮಾಟಗಾತಿ ಹಸಿರೇಕೆ?

ಪುಸ್ತಕದ ಮಾಟಗಾತಿಗೆ ಒಂದೇ ಕಣ್ಣು, ಅದು ದುರ್ಬೀನಿನಷ್ಟು ಚುರುಕು. ಮೈ ಹಸಿರೆಂದು ಎಲ್ಲೂ ಇಲ್ಲ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ನಟಿಯಾಗುವ ಮೊದಲು ಶಿಶುವಿಹಾರದ ಟೀಚರ್! ಇದು ತಿಳಿದಾಗ ನನಗೆ ಬಳಗದವರೊಬ್ಬರು ಸಿಕ್ಕಂತಾಯಿತು. ಅವರ ಮುಖಕ್ಕೆ ಬಳಿದ ಹಸಿರಿನಲ್ಲಿ ತಾಮ್ರದ ಅಂಶವಿತ್ತು. ೧೯೩೮ರ ಡಿಸೆಂಬರಿನಲ್ಲಿ ಬೆಂಕಿಯ ನಡುವೆ ಮಾಯವಾಗುವ ದೃಶ್ಯ ತೆಗೆಯುವಾಗ ಕಿಡಿ ಹತ್ತಿ ಮುಖ, ಕೈ ಸುಟ್ಟವು. ಸುಟ್ಟ ಚರ್ಮದ ಮೇಲಿನ ಆ ತಾಮ್ರದ ಬಣ್ಣವನ್ನು ಸ್ಪಿರಿಟ್ಟು ಹಾಕಿ ಉಜ್ಜಿ ತೆಗೆಯಬೇಕಾಯಿತು. ಅವರು ಸುಮಾರು ಆರು ವಾರ ಕೆಲಸಕ್ಕೆ ಬರಲಿಲ್ಲ. ಇವರಿಗಿಂತ ಮೊದಲು, ತಗಡಿನ ಮನುಷ್ಯನಾಗಬೇಕಿದ್ದ ಬಡ್ಡಿ ಎಬ್ಸೆನ್ ಮುಖಕ್ಕೆ ಹಾಕಿದ ಅಲ್ಯುಮಿನಿಯಂ ಪುಡಿ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದ್ದರು. ಅವರ ಜಾಗಕ್ಕೆ ಬೇರೆಯವರು ಬಂದರು. ನಾವು ಚಪ್ಪಾಳೆ ತಟ್ಟುವ ಬಣ್ಣವನ್ನು ಯಾರೋ ಒಬ್ಬರು ಚರ್ಮದ ಮೇಲೆ ಹೊತ್ತಿರುತ್ತಾರೆ.

ಕೆಟ್ಟವಳನ್ನು ಕಂಡ ಕೂಡಲೇ ಕೆಟ್ಟವಳೆಂದು ತಿಳಿಯಬೇಕು. ಅದಕ್ಕೆ ಹಸಿರು. ಒಳ್ಳೆಯವಳು ಗುಲಾಬಿ. ನೋಡುವವರಿಗೆ ಯೋಚನೆಯ ಕಷ್ಟವಿಲ್ಲ. ಬರೀ ಹಾಲಿವುಡ್ಡನ್ನು ಬಯ್ಯುವ ಹಾಗೂ ಇಲ್ಲ. ನಮ್ಮ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ‘ಬಣ್ಣದ ವೇಷ’ ಎಂದೇ ಹೆಸರು. ಆದರೆ ವ್ಯತ್ಯಾಸ ನೋಡಿ. ಬಣ್ಣದ ವೇಷದ ಕಲಾವಿದ ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಒಂದೊಂದೇ ಚುಟ್ಟಿ ಇಟ್ಟು ಮುಖ ಬರೆದುಕೊಳ್ಳುತ್ತಾನೆ. ಅವನು ರಂಗಕ್ಕೆ ಬರುವುದನ್ನು ಜನ ನಿದ್ದೆಗೆಟ್ಟು ಕಾಯುತ್ತಾರೆ. ಅಲ್ಲಿ ರಾಕ್ಷಸನಿಗೊಂದು ಘನತೆ ಇದೆ. ಆ ಬಣ್ಣ ಯಾರ ಹುಟ್ಟು ಬಣ್ಣವೂ ಅಲ್ಲ.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಮಾಡುತ್ತಿದ್ದದ್ದು ಅದಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ನಾಟಕ ಮಾಡಿಸಿದವಳು ನಾನು. ರಾಣಿ ಯಾರು, ಭಾರತಮಾತೆ ಯಾರು ಎಂಬುದಕ್ಕೆ ನನ್ನ ಕಣ್ಣು ತಾನಾಗಿ ಬೆಳ್ಳಗಿನ ಮಗುವಿನ ಕಡೆ ಹೋಗುತ್ತಿತ್ತು. ರಾಕ್ಷಸಿ, ಶೂರ್ಪನಖಿ, ಸವತಿ, ಬರಗಾಲ ಎಂದರೆ ಕಪ್ಪಗಿನ ಮಗು. ಅದರ ಮೇಲೆ ಇದ್ದಿಲು ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಇನ್ನಷ್ಟು ಬಳಿಯುತ್ತಿದ್ದೆ. ‘ನಿನಗೆ ಜಾಸ್ತಿ ಬೇಕಾಗಲ್ಲ ಬಿಡು’ ಎಂದು ಒಮ್ಮೆ ತಮಾಷೆಗೆ ಅಂದದ್ದೂ ನೆನಪಿದೆ. ಸುತ್ತ ಇದ್ದವರೆಲ್ಲ ನಕ್ಕಿದ್ದರು. ಆ ಮಗುವೂ ನಕ್ಕಿತ್ತು. ಮಕ್ಕಳು ಇಂಥ ಹೊತ್ತಿನಲ್ಲಿ ನಗುವುದನ್ನು ಬೇಗ ಕಲಿಯುತ್ತಾರೆ.

ಪ್ರಶ್ನೆ ಕೇಳಿದ ಹುಡುಗಿ ಐದನೆಯ ತರಗತಿಯಲ್ಲಿ ಪೂತನಿ, ಆರನೆಯದರಲ್ಲಿ ತಾಟಕಿ. ಎರಡನ್ನೂ ಕೊಟ್ಟವಳು ನಾನೇ. ‘ಇವಳು ಹಸಿರು ಅಂತಾನೂ ಬುಕ್ಕಲ್ಲಿ ಇಲ್ಲ’ ಎಂದಾಗ ಅವಳು ಸಿನಿಮಾದ ವಿಷಯವನ್ನಷ್ಟೇ ಹೇಳಿದ್ದಳೋ, ಇನ್ನೇನನ್ನಾದರೂ ಹೇಳಿದ್ದಳೋ ನಾನು ಕೇಳಲಿಲ್ಲ. ಕೇಳಲು ಬಾಯಿ ಬರಲಿಲ್ಲ.

ಆ ವರ್ಷದ ನಾಟಕ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜೋಗಿಯ ಪಾತ್ರ ಅವಳಿಗೆ ಕೊಟ್ಟೆ. ಉಪಕಾರಕ್ಕೆಂದು ಕೊಟ್ಟದ್ದಲ್ಲ. ಓದಿಸಿ ನೋಡಿದಾಗ ಅವಳಷ್ಟು ಚೆನ್ನಾಗಿ ಯಾರೂ ಓದಲಿಲ್ಲ. ಹಿಂದಿನ ವರ್ಷಗಳಲ್ಲೂ ಓದಿಸಿ ನೋಡಿದ್ದರೆ ಹೀಗೇ ಆಗುತ್ತಿತ್ತೇನೋ. ನಾನು ಓದಿಸುವ ಮೊದಲೇ ಪಾತ್ರ ಹಂಚಿ ಮುಗಿಸುತ್ತಿದ್ದೆ.

ಆಮೇಲೆ ಶುರುವಾಯಿತು ಬಣ್ಣದ ಪಂಚಾಯಿತಿ. ಕಿಂದರಿಜೋಗಿಯ ಮೂಲ ಬ್ರೌನಿಂಗ್ ಕವಿಯ ೧೮೪೨ರ ‘ಪೈಡ್ ಪೈಪರ್’. ಆ ಹೆಸರಿನ ಮೊದಲ ಪದಕ್ಕೇ ಎರಡು ಬಣ್ಣದವನು ಎಂಬ ಅರ್ಥವಿದೆ. ಅವನ ಉದ್ದನೆಯ ಕೋಟು ಅರ್ಧ ಹಳದಿ, ಅರ್ಧ ಕೆಂಪು. ಚಿತ್ರಕಲಾ ಮೇಷ್ಟ್ರು ಹಾಗೇ ಹೊಲಿಸೋಣವೆಂದರು. ಪಿ.ಟಿ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು: ‘ಹಳದಿ ಕೆಂಪು ಹಾಕಿ ಸ್ಟೇಜಿಗೆ ಬಿಟ್ಟರೆ ಊರವರೆಲ್ಲ ಎದ್ದು ಕನ್ನಡಾಂಬೆಗೆ ಜೈ ಅಂತಾರೆ!’ ನಿಜ. ೧೯೬೦ರ ದಶಕದಲ್ಲಿ ಮ. ರಾಮಮೂರ್ತಿಯವರು ಕನ್ನಡ ಬಾವುಟಕ್ಕೆ ಅರಿಶಿನ ಕುಂಕುಮದ ಆ ಎರಡು ಬಣ್ಣ ಕೊಟ್ಟ ಮೇಲೆ ಕರ್ನಾಟಕದಲ್ಲಿ ಅದು ಬೇರೆ ಏನೂ ಆಗಲಾರದು. ಯುರೋಪಿನಲ್ಲಿ ಊರೂರು ಅಲೆಯುವ ಪರದೇಶಿಯ ಗುರುತಾದ ಬಣ್ಣ ಇಲ್ಲಿ ಮನೆಯವರ ಗುರುತು. ಕುವೆಂಪು ಕೋಟನ್ನು ಬಿಚ್ಚಿಸಿ ಜೋಗಿಯನ್ನು ತಂದದ್ದು ಎಷ್ಟು ದೊಡ್ಡ ಕೆಲಸವೆಂದು ನನಗೆ ಹೊಳೆದದ್ದು ಆ ನಗುವಿನ ನಡುವೆ. ಬರೀ ಪದಗಳನ್ನು ಕನ್ನಡಿಸಿದ್ದಲ್ಲ. ನಮ್ಮ ಮನೆಬಾಗಿಲಿಗೆ ಕಿನ್ನರಿ ಹಿಡಿದು ಬರುತ್ತಿದ್ದ, ಅರ್ಧ ಭಕ್ತಿ ಅರ್ಧ ಹೆದರಿಕೆಯಿಂದ ನಾವು ನೋಡುತ್ತಿದ್ದ, ಅಕ್ಕಿ ಹಾಕಿ ಬೇಗ ಕಳಿಸಿಬಿಡುತ್ತಿದ್ದ ಆ ಮನುಷ್ಯನನ್ನು ಆರಿಸಿದ್ದು. ಕೊಟ್ಟ ಮಾತಿಗೆ ಊರು ತಪ್ಪುವುದಾದರೆ ಇಂಥವನಿಗೇ ಅಲ್ಲವೆ ಸುಲಭವಾಗಿ ತಪ್ಪುವುದು?

ಹಾಗಾದರೆ ಕಾವಿ ಎಂದಾಯಿತು. ಅದಕ್ಕೂ ತಕರಾರು ಬಂತು. ಅಂಗಡಿಯ ಹೊಸ ಕಾವಿ ಬಟ್ಟೆ ತಂದರೆ ಒಬ್ಬರಿಗೆ ಮಠ ನೆನಪಾಗುತ್ತದೆ, ಇನ್ನೊಬ್ಬರಿಗೆ ಮೆರವಣಿಗೆ. ಈಗ ಕಾವಿಯೂ ಹಸಿರೂ ನೀಲಿಯೂ ಬರೀ ಬಣ್ಣವಾಗಿ ಉಳಿದಿಲ್ಲ. ಬೋಕ್ ಸಾಹುಕಾರನಂತೆ ಎಲ್ಲರೂ ಅಂಗಿ ನೋಡಿ ಲೆಕ್ಕ ಹಾಕುವವರೇ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಊರಿನ ಅಡಿಕೆ.

ಚನ್ನಗಿರಿ ಸೀಮೆಯಲ್ಲಿ ಕೊಯ್ಲಿನ ಕಾಲದಲ್ಲಿ ಮನೆ ಮನೆ ಮುಂದೆ ಅಡಿಕೆ ಬೇಯುತ್ತಿರುತ್ತದೆ. ಹಸಿ ಅಡಿಕೆ ಸುಲಿದು ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದೆ. ಆ ಚೊಗರನ್ನೇ ಮತ್ತೆ ಅಡಿಕೆಗೆ ಹಾಕಿದರೆ ಕೆಂಪು ಬಣ್ಣ ಹಿಡಿಯುತ್ತದೆ. ಬಣ್ಣ ಚೆನ್ನಾಗಿ ಕೂತರೆ ಮಂಡಿಯಲ್ಲಿ ರೇಟು, ಇಲ್ಲದಿದ್ದರೆ ಇಲ್ಲ. ಬಣ್ಣದ ಬೆಲೆ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲವೆಂಬುದು ಪ್ರತಿ ತಾಯಿಯ ದೂರು. ಹುಡುಗಿಯ ಅಮ್ಮ ಖೇಣಿದಾರರ ಬಳಿ ಅಡಿಕೆ ಸುಲಿಯಲು ಹೋಗುವವರು. ಒಂದು ಹಳೆಯ ಬಿಳಿ ಪಂಚೆಯನ್ನು ಚೊಗರಿನಲ್ಲಿ ಅದ್ದಿಕೊಡುತ್ತೇನೆಂದರು. ಮೊದಲನೆಯ ಸಲ ಕಬ್ಬಿಣದ ಬಕೆಟ್ಟಿನಲ್ಲಿ ನೆನೆಹಾಕಿದ್ದರಿಂದ ಬಟ್ಟೆ ಮಸಿಯಂತೆ ಕಪ್ಪಾಯಿತು. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಶಾಯಿಯಾಗುತ್ತದೆ ಎಂದು ವಿಜ್ಞಾನದ ಮೇಡಂ ಅದನ್ನೇ ಒಂದು ಪಾಠ ಮಾಡಿಬಿಟ್ಟರು. ಎರಡನೆಯ ಪಂಚೆ ತಾಮ್ರದ ಹಂಡೆಯಲ್ಲಿ ಅದ್ದಿದ್ದು. ಅಲ್ಲಲ್ಲಿ ಗಾಢ, ಅಲ್ಲಲ್ಲಿ ತೆಳು, ದಾರಿಯ ಧೂಳು ಕುಡಿದಂಥ ಕೆಂಗಂದು. ಯಾವ ಪಕ್ಷದ್ದೂ ಅಲ್ಲ, ಯಾವ ಮಠದ್ದೂ ಅಲ್ಲ. ತೋಟದ್ದು.

ಹಿಂದಿನ ರಾತ್ರಿ ದೀಪ ಹಾಕಿಸಿ ನೋಡಿದೆ. ಟೆಕ್ನಿಕಲರ್ ಜನ ಕಲಿಸಿದ ಪಾಠ. ಹಗಲಲ್ಲಿ ಅಷ್ಟು ಚೆನ್ನಾಗಿದ್ದ ಬಟ್ಟೆ ಬಾಡಿಗೆಗೆ ತಂದ ಬಿಳಿ ದೀಪದ ಕೆಳಗೆ ಸಗಣಿಯ ಬಣ್ಣಕ್ಕೆ ತಿರುಗಿತ್ತು. ಎರಡು ದೀಪಕ್ಕೆ ಹಳದಿ ಕಾಗದ ಸುತ್ತಿಸಿದೆವು. ಬಟ್ಟೆ ಉಸಿರಾಡಿತು.

ಮುಖಕ್ಕೆ ಏನು ಎಂದು ಕೇಳಿದರು. ಏನೂ ಬೇಡವೆಂದೆ. ಹಣೆಗೆ ಮಾತ್ರ ವಿಭೂತಿ. ಮಾರ್ಗರೆಟ್ ಹ್ಯಾಮಿಲ್ಟನ್ ೧೯೭೫ರಲ್ಲಿ, ವಯಸ್ಸಾದ ಮೇಲೆ, ಫ್ರೆಡ್ ರಾಜರ್ಸ್ ಅವರ ಮಕ್ಕಳ ಟೀವಿ ಕಾರ್ಯಕ್ರಮಕ್ಕೆ ಬಂದು, ಮಾಟಗಾತಿಯ ಬಟ್ಟೆಯನ್ನು ಮಕ್ಕಳ ಕಣ್ಣೆದುರೇ ಒಂದೊಂದಾಗಿ ತೊಟ್ಟು ತೋರಿಸಿದ್ದರು. ನೋಡಿ, ಇದು ಬರೀ ವೇಷ, ಒಳಗೆ ನಾನೇ ಇದ್ದೇನೆ ಎಂದು. ಹೆದರಿಸಿದ ಮಕ್ಕಳಿಗೆ ಆ ಟೀಚರ್ ಕೊನೆಗೂ ಸಮಾಧಾನ ಹೇಳಿದರು. ನಾವೂ ಹಾಗೆ ಮಾಡಿದೆವು. ಪರದೆ ಎಳೆಯದೆ, ಊರವರು ನೋಡುತ್ತಿರುವಾಗಲೇ ಮಕ್ಕಳು ವೇದಿಕೆಯ ಮೇಲೆ ವೇಷ ತೊಟ್ಟರು. ಇಲಿಗಳು ಬಾಲ ಕಟ್ಟಿಕೊಂಡವು, ಗೌಡ ಪೇಟ ಸುತ್ತಿಕೊಂಡ, ಜೋಗಿ ಪಂಚೆ ಹೊದ್ದಳು.

ಎಲ್ಲ ಸುಖವಾಗಿ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ವರ್ಷ ರಾಣಿಯಾಗುತ್ತಿದ್ದ ಮಗುವಿನ ತಾಯಿ ನನ್ನೊಡನೆ ಬಹಳ ದಿನ ಮಾತು ಬಿಟ್ಟರು. ಆ ಮಗು ಆ ಸಲ ಇಲಿಯಾಗಿತ್ತು, ಭಾರಿ ಖುಷಿಯಾಗಿಯೇ ಇತ್ತು. ಕಪ್ಪಗಿನವಳಿಗೆ ಜೋಗಿಯ ವೇಷ ಒಪ್ಪಿತು ಎಂದು ಹೊಗಳಿದವರೂ ಇದ್ದರು. ಆ ಹೊಗಳಿಕೆಯಲ್ಲಿ ಹಳೆಯ ಇದ್ದಿಲೇ ಇತ್ತು. ಹಿಂದೆ ನಾನು ಬಳಿದ ಮುಖಗಳನ್ನು ಈಗ ತೊಳೆಯಲು ಆಗುವುದಿಲ್ಲ. ಅವರಲ್ಲಿ ಕೆಲವರು ಈಗ ತಾಯಂದಿರು. ಅವರ ಮಕ್ಕಳೂ ನಮ್ಮ ಶಾಲೆಗೇ ಬರುತ್ತಾರೆ.

ಮುಗಿದ ಮೇಲೆ ಹುಡುಗಿಯ ತಾಯಿ ವೇದಿಕೆಯ ಹಿಂದಕ್ಕೆ ಬಂದರು. ಚೊಗರು ಹಿಡಿದು ಅವರ ಬೆರಳುಗಳೆಲ್ಲ ಪಂಚೆಯದೇ ಬಣ್ಣವಾಗಿದ್ದವು. ನನ್ನ ಕಡೆ ನೋಡಿ ಒಂದೇ ಮಾತು ಹೇಳಿದರು: ‘ಈ ಸಲ ನನ್ ಮಗಳು ಎಲ್ಲವ್ಳೆ ಅಂತ ಹುಡುಕ್ಬೇಕಾಗ್ಲಿಲ್ಲ ಮಿಸ್.’

ಪಂಚೆ ಈಗಲೂ ಶಾಲೆಯ ಬೀರುವಿನಲ್ಲಿದೆ. ಎರಡು ಸಲ ಒಗೆದಾಯಿತು, ಬಣ್ಣ ಹೋಗಿಲ್ಲ.